ಹೋರಿಯ ತೇಗು, ಲೋಬಾನದ ಹೊಗೆ

ಲೋಬಾನದ ಹೊಗೆ ಮೂಗಿಗೆ ಬಿದ್ದರೆ ಬೇರೆಯವರಿಗೆ ದರ್ಗಾ ನೆನಪಾಗುತ್ತದೆ, ಮದುವೆಮನೆ ನೆನಪಾಗುತ್ತದೆ. ನನಗೆ ಹೋರಿಯ ತೇಗು ನೆನಪಾಗುತ್ತದೆ. ಇದನ್ನು ಹೇಳಿದರೆ ಮನೆಯಲ್ಲಿ ಸೊಸೆಯಂದಿರು ಬಾಯಿಗೆ ಸೆರಗು ಇಟ್ಟು ನಗುತ್ತಾರೆ. ನಗಲಿ.

ಈ ಚಳಿಗಾಲದಲ್ಲಿ ಮಗಳನ್ನು ನೋಡಲು ಮತ್ತೆ ಮಸ್ಕತ್ತಿಗೆ ಹೋದೆ. ವಿಮಾನ ನಿಲ್ದಾಣದಿಂದ ಹೊರಗೆ ಬರುವಾಗಲೇ ಯಾರದೋ ಬಟ್ಟೆಯಿಂದ ಆ ವಾಸನೆ ಬಂತು. ಅಳಿಯ ಇರ್ಷಾದ್ ನನ್ನ ಸೂಟ್‌ಕೇಸು ದೂಡುತ್ತಾ, "ಎಂತ ಉಮ್ಮ, ವಾಸನೆ ಸಿಕ್ಕಿತಾ?" ಎಂದ. "ಹಟ್ಟಿಯ ವಾಸನೆ ಸಿಕ್ಕಿತು" ಎಂದೆ. ಅವನಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಆ ವರ್ಷ ಅವನೂ ಅಲ್ಲಿದ್ದವನೇ.

ಆ ವರ್ಷ ಎಂದರೆ ನನ್ನ ಕೊನೆಯ ಮಗಳು ಸಫಿಯಾಳ ಚೊಚ್ಚಲ ಹೆರಿಗೆಯ ವರ್ಷ. ನಮ್ಮ ಮನೆಯ ಗಂಡಸರದ್ದು ದನದ ವ್ಯಾಪಾರ. ನನ್ನ ಗಂಡ ಸಂತೆಯಿಂದ ಸಂತೆಗೆ ಹೋರಿ ಹೊಡೆದುಕೊಂಡು ಹೋಗುತ್ತಿದ್ದರು, ನಾನು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದೆ. ಸಫಿಯಾ ಮಾತ್ರ ಓದಿದಳು, ದನದ ಡಾಕ್ಟರಾದಳು. ದನದಲ್ಲಿ ಹುಟ್ಟಿದ್ದು ದನಕ್ಕೇ ಹೋಯಿತು ಎಂದು ಊರಲ್ಲಿ ಕೆಲವರು ಆಡಿಕೊಂಡರು. ಅವಳು ಒಮಾನಿಗೆ ಹೋಗಿ ಬರ್ಕಾದಿಂದ ಒಳಗೆ, ಮರಳು ಮತ್ತು ಜಾಲಿ ಗಿಡ ಬಿಟ್ಟರೆ ಏನೂ ಇಲ್ಲದ ಒಂದು ಜಾಗದಲ್ಲಿ, ಹೋರಿಗಳನ್ನು ಕೊಬ್ಬಿಸುವ ಫಾರ್ಮಿನಲ್ಲಿ ಕೆಲಸಕ್ಕೆ ಸೇರಿದಳು. ಇರ್ಷಾದ್‌ಗೆ ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ವಾಹನದ ಬಿಡಿಭಾಗದ ಅಂಗಡಿಯಲ್ಲಿ ಕೆಲಸ. ಗುರುವಾರ ಸಂಜೆ ಬರುತ್ತಾನೆ, ಶನಿವಾರ ಹೋಗುತ್ತಾನೆ. ಉಳಿದ ದಿನ ಬಸುರಿ ಒಬ್ಬಳೇ. ಹಾಗಾಗಿ ರಂಜಾನ್ ಹಬ್ಬ ಮುಗಿದ ಮೇಲೆ ಎಣ್ಣೆ, ಮೆಂತೆ, ಓಲೆಬೆಲ್ಲ ಕಟ್ಟಿಕೊಂಡು ನಾನು ಹೋದೆ. ಮಗಳ ಬೆನ್ನಿಗೆ ಎಣ್ಣೆ ತಿಕ್ಕುವುದು ನನ್ನ ಕೆಲಸ ಎಂದುಕೊಂಡಿದ್ದೆ. ಹೋರಿ ಎಷ್ಟು ತೇಗುತ್ತದೆ ಎಂದು ಕೇಳುತ್ತಾ ಕೂರಬೇಕೆಂದು ಯಾರೂ ಹೇಳಿರಲಿಲ್ಲ.

ಫಾರ್ಮಿನಲ್ಲಿ ಉದ್ದುದ್ದ ಹಟ್ಟಿಗಳು. ಗೋಡೆ ಇಲ್ಲ, ಕಬ್ಬಿಣದ ಕಂಬ, ಮೇಲೆ ತಗಡು, ದೊಡ್ಡ ದೊಡ್ಡ ಫ್ಯಾನು. ಸೋಮಾಲಿಯಾದಿಂದ ಹಡಗಿನಲ್ಲಿ ಬರುವಾಗ ಪಕ್ಕೆಲುಬು ಎಣಿಸಬಹುದಾದ ಹೋರಿಗಳು ಇಲ್ಲಿ ತಿಂದು ತಿಂದು ಬಕ್ರೀದ್ ಹೊತ್ತಿಗೆ ಡ್ರಮ್ಮಿನ ಹಾಗೆ ಆಗುತ್ತವೆ. ಕೊನೆಯ ಎರಡು ಹಟ್ಟಿಗಳು ಸಫಿಯಾಳದ್ದು. ಒಂದರ ಮೇವಿಗೆ ಹೊಟ್ಟೆಯ ಗ್ಯಾಸು ಕಮ್ಮಿ ಮಾಡುವ ಒಂದು ಬಿಳಿ ಪುಡಿ ಬೆರೆಸುತ್ತಿದ್ದರು, ಇನ್ನೊಂದಕ್ಕೆ ಇಲ್ಲ. ಒಂದೊಂದು ಹಟ್ಟಿಯಲ್ಲೂ ಒಂದು ಮಿಷನ್. ಹೋರಿ ಅದರೊಳಗೆ ತಲೆ ಹಾಕಿದರೆ ಒಂದು ಮುಷ್ಟಿ ತಿಂಡಿ ಬೀಳುತ್ತದೆ. ಅದು ತಿನ್ನುತ್ತಾ ಬಿಡುವ ಉಸಿರನ್ನೂ ತೇಗನ್ನೂ ಮಿಷನ್ ಎಳೆದುಕೊಂಡು ಗ್ಯಾಸ್ ಎಷ್ಟೆಂದು ಅಳೆಯುತ್ತದೆ.

"ಗ್ಯಾಸ್ ಅಳೆಯಲಿಕ್ಕೆ ಮುಂದೆ ಯಾಕೆ ಇಟ್ಟದ್ದು? ಹಿಂದೆ ಅಲ್ವಾ ಇಡ್ಬೇಕಾದ್ದು?" ಎಂದು ಮೊದಲ ದಿನವೇ ಕೇಳಿದೆ.

"ಎಲ್ಲರೂ ಹಾಗೇ ಹೇಳುದು ಉಮ್ಮ. ದನದ ಗ್ಯಾಸ್ ಹೆಚ್ಚಿನದ್ದು ಬಾಯಿಂದಲೇ. ತೇಗುವಾಗ."

"ನಿನ್ನ ಬಾಪನದ್ದೂ ಹಾಗೇ."

ಮೇವು ಕಲಸುವ ಗಾಡಿ ಓಡಿಸುವ ಹಮೀದ್ ಅಲ್ಲೇ ನಿಂತಿದ್ದ. ಉಳ್ಳಾಲದವನು, ಒಮಾನಿನಲ್ಲೇ ಗಡ್ಡ ಬೆಳ್ಳಗಾದವನು. ಅವನು ನಕ್ಕ ನಗೆಗೆ ಹತ್ತಿರದ ಹೋರಿ ಬೆದರಿತು.

ಗ್ಯಾಸು ಕಮ್ಮಿ ಮಾಡಿ ಏನಾಗಬೇಕು ಎನ್ನುವುದು ನನ್ನ ತಲೆಗೆ ಬೇಗ ಹೋಗಲಿಲ್ಲ. ಅದು ಆಕಾಶಕ್ಕೆ ಹೋಗಿ ಕಂಬಳಿಯ ಹಾಗೆ ಮುಚ್ಚಿಕೊಂಡು ಭೂಮಿಯನ್ನು ಬಿಸಿ ಮಾಡುತ್ತದೆ ಎಂದಳು. ಇಲ್ಲಿ ಬಿಸಿಯಾಗಲಿಕ್ಕೆ ಇನ್ನು ಬಾಕಿ ಏನುಂಟು ಎಂದೆ. ಆಮೇಲೆ ಅವಳು ಬೇರೆ ರೀತಿಯಲ್ಲಿ ಹೇಳಿದಳು. ಹೋರಿಗೆ ಹಾಕಿದ ಮೇವಿನಲ್ಲಿ ಒಂದು ಪಾಲು ಮಾಂಸವಾಗದೆ, ಸಗಣಿಯೂ ಆಗದೆ, ಸುಮ್ಮನೆ ತೇಗಾಗಿ ಹೋಗುತ್ತದಂತೆ. ಅದು ನನಗೆ ಅರ್ಥವಾಯಿತು. ಹಾಲು ಉಕ್ಕಿ ಒಲೆಗೆ ಹೋದ ಹಾಗೆ. ಅದನ್ನು ತಡೆಯುವುದು ಬುದ್ಧಿವಂತರ ಕೆಲಸವೇ.

ಫಾರ್ಮಿನ ಯಜಮಾನ ಸಾಲಿಂ. ಅವನೇ ಇವರ ಕಫೀಲ್, ವೀಸಾ ಕೊಟ್ಟು ಕರೆಸಿಕೊಂಡವನು. ಒಳ್ಳೆಯವನು, ಆದರೆ ಮಾತಿಗೆ ಮುಂಚೆ ಗಡಿಯಾರ ನೋಡುವವನು. ಬಕ್ರೀದ್‌ವರೆಗೆ ನೋಡುವಾ ಎಂದು ಅವನು ಸಫಿಯಾಳಿಗೆ ಮಾತು ಕೊಟ್ಟಿದ್ದ. ಮಸ್ಕತ್ತಿನ ದೊಡ್ಡ ಹೋಟೆಲುಗಳಿಗೆ ಮಾಂಸ ಕೊಡುವ ಒಂದು ಕಂಪನಿಗೆ ಗ್ಯಾಸು ಕಮ್ಮಿ ಬಿಡುವ ಹೋರಿಯೇ ಬೇಕಂತೆ. ಅವರು ಬಂದು ನೋಡಿ ಒಪ್ಪಿದರೆ ಎಲ್ಲ ಹಟ್ಟಿಗಳಿಗೂ ಆ ಪುಡಿ, ಸಫಿಯಾಳ ಕೆಲಸವೂ ಗಟ್ಟಿ. ಒಪ್ಪದಿದ್ದರೆ ಖಲಾಸ್. ಹಬ್ಬಕ್ಕೆ ಹೋರಿಗಳು ಕುರ್ಬಾನಿಗೆ ಹೋಗುತ್ತವೆ, ಮಿಷನ್ ಬಂದ ಕಡೆಗೆ ಹೋಗುತ್ತದೆ, ಅದರ ಹಿಂದೆಯೇ ನನ್ನ ಮಗಳ ವೀಸಾವೂ ಹೋಗುತ್ತದೆ. ಹೆರಿಗೆಯೂ ಹಬ್ಬಕ್ಕೆ ಸ್ವಲ್ಪ ಮುಂಚೆ. ಕೂಸು ಮತ್ತು ಕಂಪನಿ, ಯಾರು ಮೊದಲು ಬರುತ್ತಾರೋ ಎಂದು ಹಮೀದ್ ತಮಾಷೆ ಮಾಡುತ್ತಿದ್ದ. ಸಫಿಯಾಳಿಗೆ ಅದು ತಮಾಷೆಯಾಗಿರಲಿಲ್ಲ.

ಸಾಲಿಂನ ತಾಯಿಯನ್ನು ಎಲ್ಲರೂ ಉಮ್ಮ್ ಸಾಲಿಂ ಎನ್ನುತ್ತಿದ್ದರು. ನನ್ನ ಪ್ರಾಯದವಳೇ, ಕಡ್ಡಿಯ ಹಾಗೆ ಸಪೂರ, ಕಣ್ಣು ಬಿಟ್ಟು ಮುಖಕ್ಕೆ ಹೊಳೆಯುವ ಬಟ್ಟೆಯ ಮುಖವಾಡ. ಫಾರ್ಮಿನ ಗೇಟಿನ ಹತ್ತಿರವೇ ಅವರ ಮನೆ. ಆಕೆಗೆ ಬಟ್ಟೆ ಅಂಗಡಿಯವರಿಂದ ಕಲಿತ ಹಿಂದಿ, ನನಗೆ ರೈಲಿನಲ್ಲಿ ಕಲಿತ ಹಿಂದಿ. ಎರಡನ್ನೂ ಸೇರಿಸಿದರೆ ಜಗಳ ಮಾಡಲು ಸಾಕಾಗುತ್ತಿತ್ತು. ಆಕೆ ಮನೆಯ ಹಿಂದೆ ತನ್ನದೇ ಒಂದು ದನ ಸಾಕಿದ್ದಳು. ಅದಕ್ಕೆ ಖರ್ಜೂರ ಮತ್ತು ಒಣಗಿದ ಬೂತಾಯಿ ಹಾಕುತ್ತಿದ್ದಳು. ದನ ಮೀನು ತಿನ್ನುವುದನ್ನು ನಾನು ಈ ಪ್ರಾಯದಲ್ಲಿ ನೋಡಿದೆ. "ನಮ್ಮೂರಲ್ಲಿ ಹೀಗೆ ಮಾಡಿದರೆ ಜನ ಸೇರುತ್ತಾರೆ" ಎಂದೆ. "ಯಾಕೆ, ನಿಮ್ಮ ಮೀನು ಅಷ್ಟು ಕೆಟ್ಟದಾ?" ಎಂದಳು.

ಅವರ ಮನೆಗೆ ಮೊದಲ ಸಲ ಹೋದಾಗ ನನ್ನ ಮರ್ಯಾದೆ ಹೋಯಿತು. ಖರ್ಜೂರ ಬಂತು, ಕಹವಾ ಬಂತು, ಹಲ್ವಾ ಬಂತು. ಕಹವಾ ಎಂದರೆ ಅವರ ಹಾಲಿಲ್ಲದ ಕಾಫಿ. ಎಲ್ಲ ಆದ ಮೇಲೆ ಮಣ್ಣಿನ ಧೂಪಾರತಿಯಲ್ಲಿ ಕೆಂಡ ಹಾಕಿ ಲೋಬಾನ ತಂದಳು. ನಾನು ಹೊಗೆಯನ್ನು ಸೆರಗಿಗೆ ಹಿಡಿದುಕೊಂಡು, ಕಾಲು ಮಡಚಿ, ಇನ್ನೂ ಹಾಯಾಗಿ ಕೂತೆ. ಸಫಿಯಾ ಪಕ್ಕದಿಂದ ತಿವಿದಳು.

"ಏಳಿ ಉಮ್ಮ. ಲುಬಾನ್ ಬಂದ್ರೆ ಹೊರಡ್ಬೇಕು ಅಂತ ಲೆಕ್ಕ."

"ಬೆಂಕಿ ತೋರಿಸಿ ಓಡಿಸುದಾ?"

"ಅದು ಇಲ್ಲಿಯ ಮರ್ಯಾದೆ. ಬರುವ ವರೆಗೆ ಏಳ್ಲಿಕ್ಕೂ ಇಲ್ಲ, ಬಂದ ಮೇಲೆ ಕೂರ್ಲಿಕ್ಕೂ ಇಲ್ಲ."

ಎದ್ದೆ. ಉಮ್ಮ್ ಸಾಲಿಂ ಮುಖವಾಡದ ಹಿಂದೆ ನಗುತ್ತಿದ್ದಳು, ಭುಜ ಕುಲುಕುವುದು ಕಾಣುತ್ತಿತ್ತು.

ಎಪ್ರಿಲ್‌ನಲ್ಲಿ ಒಂದೇ ಒಂದು ಮಳೆ ಬಂತು. ಮಳೆ ಎಂದು ನಾನು ಅದನ್ನು ಕರೆಯುವುದಿಲ್ಲ, ನಮ್ಮಲ್ಲಿ ಅಂಥದ್ದಕ್ಕೆ ಕೊಡೆ ಬಿಡಿಸುವುದೂ ಇಲ್ಲ. ಆದರೆ ಬೆಟ್ಟದ ಕಡೆಯಿಂದ ಕೆಂಪು ನೀರು ಬಂದು ಒಣ ಹೊಳೆ ತುಂಬಿ ರಸ್ತೆ ಮುಚ್ಚಿತು. ಇರ್ಷಾದ್ ಆ ವಾರ ಬರಲಾಗದೆ ಅಲ್ಲೇ ಉಳಿದ. ಹಟ್ಟಿಯ ಹಿಂದಿನ ಸಗಣಿ ರಾಶಿ ನೆನೆದು ಕೊಳೆತು ನಾತ ಹಿಡಿಸಿತು. ಹಸಿ ಸಗಣಿಯಿಂದಲೂ ಗ್ಯಾಸು ಏಳುತ್ತದೆ ಎಂದು ಸಫಿಯಾ ಹೊಟ್ಟೆ ಹೊತ್ತುಕೊಂಡು ಅಲ್ಲೇ ನಿಂತು ಅದನ್ನು ಕೆದಕಿಸಿ, ಹರಡಿಸಿ, ಒಣಗಿಸಿದಳು. "ಬಸುರಿ ಸಗಣಿ ಕಾಯುವುದನ್ನು ನಾನು ಊರಲ್ಲಿ ಹೇಳುವುದಿಲ್ಲ" ಎಂದೆ. "ಹೇಳಿ, ಹೇಳಿ. ನಿಮ್ಮ ಬಾಪನ ಮನೆಯಲ್ಲೂ ಇದೇ ಮಾಡಿದ್ದಲ್ವಾ ನೀವು?" ಎಂದಳು. ಅದು ಸತ್ಯ.

ಆಮೇಲೆ ಸೆಕೆ ಸುರುವಾಯಿತು. ಮಂಗಳೂರಿನ ಸೆಕೆಯಲ್ಲಿ ಮನುಷ್ಯ ನೆನೆಯುತ್ತಾನೆ, ಅಲ್ಲಿಯ ಸೆಕೆಯಲ್ಲಿ ಹುರಿಯುತ್ತಾನೆ. ಆದರೂ ನಾನು ಖುಷಿಯಲ್ಲಿದ್ದೆ. ಬೆಳಿಗ್ಗೆ ಮಗಳ ಕಾಲಿಗೆ ಎಣ್ಣೆ ಹಚ್ಚುವುದು, ಆಮೇಲೆ ಅವಳ ಜೊತೆ ಹಟ್ಟಿಗೆ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೋರಿಗಳ ಮುಖ ನೋಡುವುದು. ಪುಡಿ ತಿಂದ ಹಟ್ಟಿಯ ಲೆಕ್ಕ ವಾರ ವಾರವೂ ಕಮ್ಮಿ ಬರುತ್ತಿತ್ತು. ಹೋರಿಗಳೂ ಮೇವು ಬಿಡದೆ ತಿಂದು ಚೆನ್ನಾಗಿಯೇ ಇದ್ದವು. ಸಫಿಯಾ ಫೋನಿನಲ್ಲಿ ಗೆರೆ ತೋರಿಸುತ್ತಿದ್ದಳು, ಒಂದು ಮೇಲೆ, ಒಂದು ಕೆಳಗೆ. ನನಗೆ ಅಕ್ಷರವೇ ಕಷ್ಟದಲ್ಲಿ ಬರುತ್ತದೆ, ಆದರೆ ಮೇಲೆ ಕೆಳಗೆ ಗೊತ್ತಾಗುತ್ತದೆ.

ಕಂಪನಿಯವರು ಕೂಸಿಗಿಂತ ಮೊದಲು ಬಂದರು. ಇಬ್ಬರು, ದಿಶ್ದಾಶ ಎನ್ನುವ ಉದ್ದನೆಯ ಬಿಳಿ ಅಂಗಿ, ಸುಗಂಧ. ಮೇವಿನ ಹೊತ್ತಿಗೆ ಸರಿಯಾಗಿ ಬಂದರು, ಹೋರಿಗಳೂ ಎದ್ದು ನಿಂತಿದ್ದವು. ನಾನು ಮನೆಯಲ್ಲಿ ಗಂಜಿ ಇಟ್ಟು ಆಮೇಲೆ ಹೋದೆ. ಹೋಗುವಾಗ ಹಟ್ಟಿಯ ತುಂಬ ಲೋಬಾನದ ಘಮ. ಅಂತೂ ಯಾರೋ ಈ ನಾತಕ್ಕೆ ಒಂದು ದಾರಿ ಮಾಡಿದರಲ್ಲ ಎಂದುಕೊಂಡೆ. ಆದರೆ ಮಿಷನ್ ಮುಂದೆ ನಿಂತವರ ಮುಖ ಸರಿ ಇರಲಿಲ್ಲ. ಪುಡಿ ತಿಂದ ಹಟ್ಟಿಯ ಗ್ಯಾಸು ಪುಡಿ ಇಲ್ಲದ ಹಟ್ಟಿಗಿಂತ ಹೆಚ್ಚು ತೋರಿಸುತ್ತಿತ್ತು. ಸಫಿಯಾ ಹಿಂದಿನ ವಾರಗಳ ಲೆಕ್ಕ ತೆಗೆದು ತೋರಿಸಿದಳು. ಅದರಲ್ಲಿ ಕಮ್ಮಿ. ಬಂದವರಲ್ಲಿ ಹಿರಿಯವನು ನಯವಾಗಿಯೇ ಹೇಳಿದ, ಫೋನಿನಲ್ಲಿ ಒಂದು, ಕಣ್ಣೆದುರು ಇನ್ನೊಂದು, ನಾವು ಯಾವುದನ್ನು ನಂಬುವುದು ಎಂದು. ಕಹವಾ ಕುಡಿದು ಹೋದರು. ಸಾಲಿಂ ಗಡಿಯಾರ ನೋಡಿದ.

ಸಫಿಯಾ ಅಳಲಿಲ್ಲ. ಅಳುವ ಜಾತಿಯಲ್ಲ. ಕುರ್ಚಿಯಲ್ಲಿ ಕೂತು ಮಿಷನ್ ಬರೆದದ್ದನ್ನೆಲ್ಲ ಒಂದೊಂದಾಗಿ ನೋಡಿದಳು. ಕೊನೆಗೆ ಹೇಳಿದಳು, "ಹೋರಿ ತಲೆ ಹಾಕದೆ ಇರುವಾಗಲೂ ಮಿಷನ್ ಗ್ಯಾಸ್ ತೋರಿಸಿದೆ. ಇಲ್ಲಿ ಏನೋ ಉರಿದದ್ದುಂಟು. ಹಮೀದ್ ಕಾಕ, ಯಾರು ಬೆಂಕಿ ಹಾಕಿದ್ದು?"

"ಬೆಂಕಿಯಾ? ಗಾಳಿ ಇರ್ಬೇಕು ಡಾಕ್ಟ್ರೇ" ಎಂದ ಹಮೀದ್, ಆಕಾಶ ನೋಡುತ್ತಾ.

ನಾನು ಮಿಷನ್ ಬದಿಯ ಕಟ್ಟೆ ನೋಡಿದೆ. ಮಣ್ಣಿನ ಧೂಪಾರತಿ ಅಲ್ಲೇ ಇತ್ತು, ಬೂದಿ ಇನ್ನೂ ಬಿಸಿ. "ಗಾಳಿಗೆ ಕೈಕಾಲು ಬಂದು ಇದನ್ನು ಇಲ್ಲಿ ಇಟ್ಟು ಹೋಯಿತಾ?" ಎಂದು ಕೇಳಿದೆ. ಹಮೀದ್ ತಲೆ ತಗ್ಗಿಸಿದ. "ಅರ್ಬಾಬ್ ಸಾಲಿಂನ ಉಮ್ಮ ಇಟ್ಟದ್ದು. ನಾನು ಹೇಗೆ ಬೇಡ ಅಂತ ಹೇಳುದು? ನೀವೇ ಹೇಳಿ."

ಉಮ್ಮ್ ಸಾಲಿಂ ಏನೂ ತಪ್ಪು ಮಾಡಿರಲಿಲ್ಲ ನೋಡಿ. ದೊಡ್ಡವರು ಬರುತ್ತಾರೆ, ಹಟ್ಟಿ ನಾರುತ್ತದೆ, ಅತಿಥಿ ನಿಲ್ಲುವ ಜಾಗ ಘಮಘಮ ಇರಬೇಕು. ಅತಿಥಿ ನಿಲ್ಲುವ ಜಾಗ ಎಂದರೆ ಪುಡಿಯ ಹಟ್ಟಿಯ ಮಿಷನ್ ಪಕ್ಕ. ಇದ್ದಿಲು, ಲೋಬಾನ, ಹೊಗೆ ಎಲ್ಲವನ್ನೂ ಮಿಷನ್ ಎಳೆದುಕೊಂಡು ಹೋರಿಯ ಲೆಕ್ಕಕ್ಕೆ ಬರೆದಿತ್ತು. ಬೇರೆ ದೇಶದಲ್ಲಿ ಆ ಮಿಷನ್‌ಗೆ ಇಂಥ ಮರ್ಯಾದೆ ಯಾರೂ ಮಾಡಿರಲಿಕ್ಕಿಲ್ಲ.

ಸಫಿಯಾ ಬಾಯಿ ಬಿಡುವುದಿಲ್ಲ ಎಂದಳು. "ನನ್ನ ಕೆಲಸಕ್ಕೆ ಬಂದವರಿಗೆ ಅವರು ಮರ್ಯಾದೆ ಮಾಡಿದ್ದು. ಸಾಲಿಂನ ಹತ್ರ ಹೋಗಿ, ನಿಮ್ಮ ತಾಯಿ ಹಾಳು ಮಾಡಿದ್ರು ಅಂತ ಹೇಳ್ಲಾ? ಕೆಲಸ ಹೋದ್ರೂ ಪರವಾಗಿಲ್ಲ."

"ನೀನು ಹೇಳ್ಬೇಡ" ಎಂದೆ. ಮಾರನೇ ದಿನ ನಾನೇ ಹೋದೆ. ಸುತ್ತಿ ಬಳಸಿ ಮಾತಾಡಲು ನನ್ನ ಹಿಂದಿ ಸಾಲುವುದಿಲ್ಲ, ಕನ್ನಡದಲ್ಲೂ ನನಗೆ ಅದು ಬರುವುದಿಲ್ಲ. "ನಿನ್ನ ಲುಬಾನ್ ಮಿಷನ್ ಹೊಟ್ಟೆಗೆ ಹೋಗಿದೆ. ನನ್ನ ಮಗಳ ಕೆಲಸ ಹೋಗ್ತದೆ" ಎಂದೆ.

ಆಕೆ ಮುಖವಾಡ ಸರಿಮಾಡಿಕೊಂಡಳು. ಆಮೇಲೆ, "ನನ್ನ ಲುಬಾನೂ ಹೋರಿಯ ತೇಗೂ ಒಂದೇ ಅಂತ ಹೇಳಲಿಕ್ಕೆ ಬಂದದ್ದಾ?" ಎಂದಳು.

"ನಾನು ಹೇಳುದಲ್ಲ. ಮಿಷನ್ ಹೇಳಿದ್ದು."

"ನಿನ್ನ ಮಿಷನ್‌ಗೆ ಮೂಗಿಲ್ಲ" ಎಂದು ಒಳಗೆ ಹೋದಳು. ಕಹವಾ ಕೊಡಲಿಲ್ಲ. ಕೆಲವು ದಿನ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ನಾನೂ ಹೋಗಲಿಲ್ಲ. ಸತ್ಯ ಹೇಳಿದ ಮೇಲೆ ಸಮಾಧಾನ ಮಾಡಲು ಹೋದರೆ ಹೇಳಿದ ಸತ್ಯಕ್ಕೆ ಬೆಲೆ ಇರುವುದಿಲ್ಲ.

ಒಂದು ಬೆಳಿಗ್ಗೆ ಆಕೆಯೇ ಬಾಗಿಲಿಗೆ ಬಂದು ನಿಂತಳು. "ಗುರುವಾರ ಅವರಿಬ್ಬರೂ ಊಟಕ್ಕೆ ಬರ್ತಾರೆ. ಸಾಲಿಂನ ಕೈಯಿಂದ ಹೇಳಿಸಿದ್ದೇನೆ. ತಾಯಿ ಕರೆದ ಊಟಕ್ಕೆ ಯಾರೂ ಬರುವುದಿಲ್ಲ ಅಂತ ಹೇಳುವುದಿಲ್ಲ. ನೀನು ಅಡಿಗೆಮನೆಗೆ ಬಾ. ಮಗಳು ಹಟ್ಟಿಯಲ್ಲಿ ಇರಲಿ. ಹಟ್ಟಿಗೆ ಬೆಂಕಿ ಹೋಗುವುದಿಲ್ಲ." ಅಷ್ಟು ಹೇಳಿ ಹೊರಟಳು.

ಗುರುವಾರ ಅವರು ಮಧ್ಯಾಹ್ನವೇ ಬಂದರು. ಊಟ ಮುಗಿಸಿ, ಮಿಷನ್ ಒಂದು ಸಲ ನೋಡಿ, ಹಾಗೇ ಹೋಗುವವರು. ತೊಂದರೆ ಅಲ್ಲೇ ಇತ್ತು. ಆ ಬಿಸಿಲಿಗೆ ಹೋರಿಗಳು ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತವೆ, ಮಿಷನ್ ಕಡೆ ಒಂದೂ ಬರುವುದಿಲ್ಲ. ಬಿಸಿಲು ವಾಲಿ, ಅಸರ್ ನಮಾಜಿನ ಬಾಂಗ್ ಆದ ಮೇಲೆಯೇ ಒಂದೊಂದಾಗಿ ಏಳುವುದು. ಬಡಿದು ಎಬ್ಬಿಸಲು ಸಫಿಯಾ ಬಿಡುವುದಿಲ್ಲ, ಬೆದರಿದ ಹೋರಿಯ ಲೆಕ್ಕ ಲೆಕ್ಕವಲ್ಲವಂತೆ. ಅಷ್ಟು ಹೊತ್ತು ಆ ಗಂಡಸರನ್ನು ಹಿಡಿದು ಕೂರಿಸುವವರು ಯಾರು? ಹೋರಿಗಳು ಎದ್ದು, ಮಿಷನ್ ಸರಿಯಾಗಿ ಓದಲು ಸುರುವಾದರೆ ಮಿಸ್ ಕಾಲ್ ಕೊಡುತ್ತೇನೆ ಎಂದು ಸಫಿಯಾ ನನ್ನ ಹತ್ತಿರ ಹೇಳಿದ್ದಳು. ನಾನು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಉಮ್ಮ್ ಸಾಲಿಂನ ಅಡಿಗೆಮನೆಯಲ್ಲಿ ಕೂತೆ.

ಅನ್ನ ಮಾಂಸದ ದೊಡ್ಡ ತಟ್ಟೆ ಹೋಯಿತು, ಖಾಲಿಯಾಗಿ ಬಂತು. ಹಣ್ಣು ಹೋಯಿತು. ಹಲ್ವಾ ಹೋಯಿತು. ಕಹವಾ ಹೋಯಿತು. ಸಾಲಿಂ ಅಡಿಗೆಮನೆಯ ಬಾಗಿಲಿಗೆ ಬಂದ. ಅತಿಥಿಗಳು ಹೊರಡಬೇಕಂತೆ, ಲುಬಾನ್ ಎಲ್ಲಿ ಎಂದು ತಾಯಿಯ ಹತ್ತಿರ ಕೇಳಿದ. ಅವರ ಮಾತು ನನಗೆ ಪೂರ್ತಿ ತಿಳಿಯುವುದಿಲ್ಲ, ಆದರೆ ಆಕೆ ಕೆಂಡದ ಒಲೆಯ ಕಡೆ ಕೈ ತೋರಿಸಿ ಏನು ಹೇಳಿದಳೆಂದು ತಿಳಿಯಿತು. ಇದ್ದಿಲು ಹಸಿ, ಹೊತ್ತಿಕೊಳ್ಳುವುದಿಲ್ಲ. ಹೊರಗೆ ಕಲ್ಲು ಬಿರಿಯುವ ಬಿಸಿಲು. ಅಂಥ ಸೆಕೆಯಲ್ಲಿ ಇದ್ದಿಲು ಹಸಿಯಾಗುವುದು ಹೇಗೆ ಎಂದು ಮಗ ಕೇಳಲಿಲ್ಲ. ಮತ್ತೊಂದು ತಟ್ಟೆ ಖರ್ಜೂರ ಎತ್ತಿಕೊಂಡು ಹೋದ.

ನನಗೆ ಆಗ ಅರ್ಥವಾಯಿತು. ಲುಬಾನ್ ಬರದೆ ಏಳುವ ಹಾಗಿಲ್ಲ. ಅವರು ಎಷ್ಟು ದೊಡ್ಡ ಕಂಪನಿಯವರಾದರೂ ಅವರಿಗೂ ತಾಯಂದಿರು ಇದ್ದಾರೆ, ಮರ್ಯಾದೆ ಕಲಿಸಿ ಬೆಳೆಸಿದ್ದಾರೆ. ಚಾಪೆಗೆ ಮೊಳೆ ಹೊಡೆದ ಹಾಗೆ ಕೂತಿದ್ದರು. ಸಾಲಿಂ ಇನ್ನೆರಡು ಸಲ ಬಂದ. ಎರಡನೇ ಸಲ ಬಂದಾಗ ಅವನ ಬಾಯಂಚಿನಲ್ಲಿ ನಗು ಇತ್ತು. ಉಮ್ಮ್ ಸಾಲಿಂ ಒಂದು ತುಂಡು ಇದ್ದಿಲನ್ನೂ ಮುಟ್ಟದೆ ನನ್ನ ಜೊತೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಹೊಗೆ ಕೆಡಿಸಿದ್ದನ್ನು ಹೊಗೆಯೇ ಸರಿ ಮಾಡ್ಬೇಕು" ಎಂದಳು.

"ಬಾಯಿ ಮುಚ್ಚು, ಬಾಂಗ್ ಕೇಳ್ತಾ ಉಂಟು" ಎಂದೆ.

ಅಸರ್ ಬಾಂಗ್ ಆಯಿತು, ಗಂಡಸರು ಅಲ್ಲೇ ನಮಾಜು ಮಾಡಿದರು. ನಾನೂ ಒಳಗೆ ನಮಾಜು ಮುಗಿಸಿ ದುಆ ಮಾಡುವಾಗ ಹೋರಿಗಳ ಹೆಸರೂ ಬಾಯಿಗೆ ಬಂತು. ಎದ್ದು ನಿಲ್ಲುವಷ್ಟರಲ್ಲಿ ಸೊಂಟದಲ್ಲಿ ಫೋನು ಗುರ್ ಎಂದಿತು. "ಬಂತು" ಎಂದೆ. ಉಮ್ಮ್ ಸಾಲಿಂ ಮಗನನ್ನು ಕರೆದು, ಅತಿಥಿಗಳಿಗೆ ಹೋರಿ ತೋರಿಸಿ ಕರೆದುಕೊಂಡು ಬಾ, ಅಷ್ಟರಲ್ಲಿ ಕೆಂಡ ಆಗುತ್ತದೆ ಎಂದಳು.

ನಾನೂ ಅವರ ಹಿಂದೆ ಹೋದೆ. ಸಫಿಯಾ ಹೊಟ್ಟೆಯ ಮೇಲೆ ಫೋನು ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು, ಹಮೀದ್ ಅವಳ ಹಿಂದೆ ಹಟ್ಟಿಯ ಕಾವಲುಗಾರನ ಹಾಗೆ. ಒಂದು ಕೆಂಪು ಹೋರಿ ಬಂತು, ಮಿಷನ್‌ಗೆ ತಲೆ ಹಾಕಿತು, ತಿಂದಿತು, ತೇಗಿತು. ಅಷ್ಟು ಜನ ಒಂದು ತೇಗಿಗೆ ಕಾದದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ಮತ್ತೊಂದು ಬಂತು. ಪಕ್ಕದ ಹಟ್ಟಿಯಲ್ಲೂ ಬಂದವು. ಹಿರಿಯವನು ಕನ್ನಡಕ ಹಾಕಿಕೊಂಡು ಆ ಗೆರೆ ನೋಡಿದ, ಈ ಗೆರೆ ನೋಡಿದ, ಇನ್ನೂ ನಾಲ್ಕು ಹೋರಿ ಬರಲಿ ಎಂದ. ಈಗ ಅವನೇ ಹೊರಡಲು ಒಪ್ಪುತ್ತಿರಲಿಲ್ಲ. ಹಿಂದಿನ ಸಲ ಏನಾಗಿತ್ತು ಎಂದು ಕೇಳಿದಾಗ ಸಫಿಯಾ, "ಮಿಷನ್ ಹತ್ತಿರ ಇದ್ದಿಲಿನ ಹೊಗೆ ಇತ್ತು, ನಾನು ಮೊದಲೇ ನೋಡ್ಬೇಕಿತ್ತು" ಎಂದಳು. ಯಾರ ಇದ್ದಿಲು ಎಂದು ಹೇಳಲಿಲ್ಲ. ಸಾಲಿಂ ಮಾತ್ರ ಮನೆಯ ಕಡೆ ಒಮ್ಮೆ ತಿರುಗಿ ನೋಡಿದ.

ಪುಡಿಯ ಹಟ್ಟಿಯ ಗೆರೆ ಕೆಳಗೇ ಇತ್ತು. "ತಮಾಮ್" ಎಂದ ಹಿರಿಯವನು. ಎಲ್ಲ ಸರಿ ಎಂದು ಅರ್ಥ. ಮನೆಗೆ ವಾಪಸು ಬಂದಾಗ ಉಮ್ಮ್ ಸಾಲಿಂನ ಹಸಿ ಇದ್ದಿಲು ಕೆಂಪಗೆ ಉರಿಯುತ್ತಿತ್ತು. ಸಾಲಿಂ ಲೋಬಾನ ತಂದು ಅವರ ಗಡ್ಡಕ್ಕೆ, ಬಟ್ಟೆಗೆ ಹಿಡಿದ. ಮರುಕ್ಷಣ ಇಬ್ಬರೂ ಎದ್ದು ಚಪ್ಪಲಿ ಮೆಟ್ಟಿದರು.

ಕೂಸು ಹಬ್ಬಕ್ಕೆ ಮುಂಚಿನ ವಾರ ಹುಟ್ಟಿತು. ಹೆಣ್ಣು, ಕಪ್ಪು ಕೂದಲು, ಗಟ್ಟಿ ಗಂಟಲು. ಸ್ನಾನ ಮಾಡಿಸಿ ತಲೆಗೆ ಹೊಗೆ ಹಾಕುವುದು ನಮ್ಮಲ್ಲೂ ಉಂಟು, ಅವರಲ್ಲೂ ಉಂಟು. ಧೂಪಾರತಿ ಯಾರು ಹಿಡಿಯುವುದು ಎಂದು ನಾವಿಬ್ಬರೂ ಜಗಳ ಮಾಡುವಾಗ ಸಫಿಯಾ ಮಲಗಿದಲ್ಲಿಂದ, "ಕೂಸು ತೇಗಿದ ಮೇಲೆ ಹಾಕಿ, ಲೆಕ್ಕ ತಪ್ಪುತ್ತದೆ" ಎಂದಳು. ಹಬ್ಬಕ್ಕೆ ಆ ಹೋರಿಗಳು ಹೋದವು. ಅದಕ್ಕಾಗಿಯೇ ಬಂದವು, ಅದರಲ್ಲಿ ಬೇಸರ ಮಾಡುವುದು ಏನೂ ಇಲ್ಲ. ಆ ಕೆಂಪು ಹೋರಿಯ ಮಾಂಸ ನಮ್ಮ ಪಾಲಿಗೂ ಬಂದಿರಬಹುದು. ಒಳ್ಳೆಯದಿತ್ತು.

ಈ ಸಲ ಹೋದಾಗ ಎಲ್ಲ ಹಟ್ಟಿಗಳಲ್ಲೂ ಪುಡಿಯ ಮೇವೇ. ಹಮೀದ್ ಈಗ ದೊಡ್ಡ ಗಾಡಿ ಓಡಿಸುತ್ತಾನೆ. ಸಫಿಯಾಳ ಕೈಕೆಳಗೆ ಇಬ್ಬರಿದ್ದಾರೆ. ಮೊಮ್ಮಗಳು ನಡೆಯುತ್ತಾಳೆ, ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ "ನೋ" ಎನ್ನುತ್ತಾಳೆ. ಹೊರಡುವ ಹಿಂದಿನ ದಿನ ಉಮ್ಮ್ ಸಾಲಿಂನ ಮನೆಗೆ ಹೇಳಿ ಬರಲು ಹೋದೆ. ಖರ್ಜೂರ ಬಂತು, ಕಹವಾ ಬಂತು, ಹಲ್ವಾ ಬಂತು. ಮತ್ತೆ ಕಹವಾ ಬಂತು. ಇರ್ಷಾದ್ ಹೊರಗೆ ಹಾರನ್ ಹೊಡೆದ. ನನ್ನ ಸಕ್ಕರೆ ಕಾಯಿಲೆಯ ಮಾತ್ರೆ ಮಗಳ ಮನೆಯಲ್ಲಿ ಉಳಿದಿತ್ತು. ಧೂಪಾರತಿ ಮೂಲೆಯಲ್ಲಿ ತಣ್ಣಗೆ ಕೂತಿತ್ತು.

"ಲುಬಾನ್ ತರುವುದಿಲ್ವಾ?" ಎಂದು ಕೊನೆಗೆ ನಾನೇ ಕೇಳಿದೆ.

"ಇದ್ದಿಲು ಹಸಿ" ಎಂದಳು.

ಕಾಲು ಮಡಚಿ ಇನ್ನೊಂದು ಲೋಟ ಕಹವಾ ಕೇಳಿದೆ. ಇರ್ಷಾದ್ ಹಾರನ್ ಹೊಡೆಯಲಿ.